ಹಳೆಯ ಎಂಜಿನಿಗೆ ಹೆಚ್ಚಿನ ಇಂಜೆಕ್ಟರು

ರಾಮನಗರದ ಸಮೀಪದ ಬಿಡದಿಯಲ್ಲಿ 1999ರಿಂದ ಟೊಯೊಟಾ ವಾಹನಗಳು ತಯಾರಾಗುತ್ತಿವೆ. ಆ ಕಂಪನಿಯ ಹಿಂದಿನ ಕೆಲವು ಪೆಟ್ರೋಲ್ ಎಂಜಿನುಗಳಲ್ಲಿ ಸಿಲಿಂಡರಿಗೊಂದರಂತೆ ಇಂಜೆಕ್ಟರುಗಳಿದ್ದುವಲ್ಲದೆ, ತಣ್ಣಗಿರುವ ಎಂಜಿನನ್ನು ಚಾಲೂ ಮಾಡಲೆಂದೇ ಇನ್ನೊಂದಿತ್ತು. ಅದರ ಕೆಲಸ ಕೆಲವೇ ಸೆಕೆಂಡುಗಳದು.

ಹಳೆಯ ಕಾರಿಗೆ ಟರ್ಬೊ ಕೂಡಿಸುವವರು ಇದೇ ಉಪಾಯವನ್ನು ಹಿಡಿಯುವುದುಂಟು. ಒಳಹೋಗುವ ಗಾಳಿ ಹೆಚ್ಚಿದಷ್ಟೂ ಪೆಟ್ರೋಲೂ ಹೆಚ್ಚಬೇಕಷ್ಟೆ. ಆದರೆ ಇಲ್ಲಿ ಆ ಒಂಟಿ ಇಂಜೆಕ್ಟರು ಪೂರ್ಣ ಭಾರದಲ್ಲಿ ದುಡಿಯಬೇಕು. ಕೊಳವೆಯ ತಿರುವಿನಲ್ಲಿ ಗಾಳಿ ಸುಲಭವಾಗಿ ಹೊರಳುವುದು. ಭಾರವಾದ ಹನಿಗಳು ಗೋಡೆಗೆ ಅಂಟುವುವು. ನಾಲ್ಕು ಸಿಲಿಂಡರುಗಳಿಗೆ ಸಮಪಾಲು ದೊರೆಯದು. ಹೊಗೆಕೊಳವೆಯ ಆಮ್ಲಜನಕ ಮಾಪಕವಾದರೋ ಸರಾಸರಿಯನ್ನು ಮಾತ್ರ ತೋರಿಸುವುದು! ಪೆಟ್ರೋಲ್ ಸಾಲದ ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ ಕರಗಬಹುದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಹೋಲಿಸಿದರೆ ಈ ಭೇದ ಬಣ್ಣದಲ್ಲಿ ಕಾಣುವುದು. ಮೂಲ ಇಂಜೆಕ್ಟರುಗಳ ಬದಲು ದೊಡ್ಡವನ್ನು ಜೋಡಿಸಿ, ಅವು ತೆರೆಯುವ ಕಾಲಾವಧಿಯನ್ನು ತಿದ್ದುವುದೇ ಮೇಲೆಂದು ನಮ್ಮ ಅಭಿಪ್ರಾಯ.