ಕವಚ ಮತ್ತು ಚೀಟಿ: ಡ್ರ್ಯಾಗ್ ರೇಸಿಂಗ್ ವಾಹನಗಳ ಚಾಲನಾಂಗಗಳಿಗೆ ಸುರಕ್ಷತಾ ಪ್ರಮಾಣೀಕರಣ

ವೃತ್ತಿ ಜಾನಪದವೆಂದೊಡನೆ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆಗಳತ್ತ ನಮ್ಮ ಗಮನ ಹರಿಯುವುದು ಸಹಜ. ಆದರೆ ಯಂತ್ರದೊಡನೆ ಬದುಕುವ ಸಮುದಾಯಗಳೂ ತಮ್ಮದೇ ಆದ ಪರಿಭಾಷೆಯನ್ನು, ಕೈಚಳಕವನ್ನು, ನಿಷೇಧಗಳನ್ನು ಕಟ್ಟಿಕೊಳ್ಳುತ್ತವೆ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಡ್ರ್ಯಾಗ್ ರೇಸಿಂಗ್ ಅಂತಹ ಒಂದು ಲೋಕ. ನಿಂತ ಎರಡು ವಾಹನಗಳು ಏಕಕಾಲಕ್ಕೆ ಹೊರಟು ಕಾಲು ಮೈಲಿಯ ನೇರ ದಾರಿಯನ್ನು ಕ್ರಮಿಸುವುದೇ ಈ ಪಂದ್ಯ. ಅಲ್ಲಿ ಬಾಯಿಂದ ಬಾಯಿಗೆ ಸಾಗುತ್ತಿದ್ದ ಗ್ಯಾರೇಜಿನ ತಿಳಿವಳಿಕೆ ಲಿಖಿತ ಪ್ರಮಾಣಪತ್ರವಾಗಿ ಮಾರ್ಪಟ್ಟ ಬಗೆಯನ್ನು, ಚಾಲನಾಂಗಗಳಿಗೆ ಸೀಮಿತಗೊಳಿಸಿ, ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಅಪಾಯದ ಮೂಲವನ್ನು ಮೊದಲು ತಿಳಿಯಬೇಕು. ಎಂಜಿನ್ನಿನ ಹಿಂತುದಿಯಲ್ಲಿ ಫ್ಲೈವೀಲ್, ಅದಕ್ಕೆ ಅಂಟಿಕೊಂಡಂತೆ ಕ್ಲಚ್, ಇವೆರಡನ್ನೂ ಮುಚ್ಚುವ ಗಂಟೆಯಾಕಾರದ ಬೆಲ್‌ಹೌಸಿಂಗ್, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್‌ವರೆಗೆ ಪ್ರೊಪೆಲ್ಲರ್ ಶಾಫ್ಟ್. ತಿರುಗುವ ಚಕ್ರದ ಒಳಗಿನ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಸಾಮಾನ್ಯ ಕಾರಿಗೆ ಕಾರ್ಖಾನೆ ಕೊಡುವ ಎರಕದ ಕಬ್ಬಿಣದ ಫ್ಲೈವೀಲ್ ಒತ್ತಡವನ್ನು ತಾಳಬಲ್ಲದು, ಎಳೆತವನ್ನು ಅಷ್ಟಾಗಿ ತಾಳಲಾರದು. ಮಿತಿ ಮೀರಿದಾಗ ಅದು ಬಾಗದೆ ಸಿಡಿಯುತ್ತದೆ. ಅಲ್ಯೂಮಿನಿಯಮ್ ಎರಕದ ಸಾಮಾನ್ಯ ಬೆಲ್‌ಹೌಸಿಂಗ್ ಆ ಚೂರುಗಳನ್ನು ತಡೆಯಲಾರದು. ಚೂರುಗಳ ದಾರಿಯಲ್ಲಿರುವುದು ಚಾಲಕನ ಪಾದಗಳು.

ಇದಕ್ಕೆ ಓಟಗಾರರೇ ಕಂಡುಕೊಂಡ ಮೊದಲ ಉಪಾಯವೆಂದರೆ ಬೆಲ್‌ಹೌಸಿಂಗಿನ ಸುತ್ತ ದಪ್ಪ ಉಕ್ಕಿನ ತಗಡನ್ನು ಬಗ್ಗಿಸಿ ಕೂರಿಸುವುದು. 'ಸ್ಕ್ಯಾಟರ್‌ಶೀಲ್ಡ್', ಅಂದರೆ ಚೆದುರು ತಡೆಯುವ ಕವಚ, ಎಂಬ ಹೆಸರು ಅವರ ಆಡುಮಾತಿನದು. ನಿಯಮಗ್ರಂಥವು ಅದನ್ನು 'ಫ್ಲೈವೀಲ್ ಶೀಲ್ಡ್' ಎನ್ನುತ್ತದೆ. ಹಾಗೆಯೇ ಹಿಂದಿನ ಆಕ್ಸಲ್ಲಿನ ಆಚೆಗೆ, ಅದರ ಮೇಲೆ ಕಾಲು ಚಾಚಿ ಚಾಲಕ ಕೂರುತ್ತಿದ್ದ ಉದ್ದನೆಯ ವಾಹನಕ್ಕೆ 'ಸ್ಲಿಂಗ್‌ಶಾಟ್' ಎಂದು ಹೆಸರು. ಕವಣೆಯಲ್ಲಿಟ್ಟ ಕಲ್ಲಿನಂತೆ ಮನುಷ್ಯ ಕುಳಿತಿದ್ದಾನೆಂಬ ಈ ರೂಪಕದಲ್ಲಿ ಹೆಮ್ಮೆಯೊಡನೆ ಅಪಾಯದ ಅರಿವೂ ಇದೆ ಎಂದು ನನಗೆ ತೋರುತ್ತದೆ.

ಆ ಅರಿವು ಸಾಲದೆಂಬುದು 1970ರ ಮಾರ್ಚ್ 8ರಂದು ಸ್ಪಷ್ಟವಾಯಿತು. ಲಾಸ್ ಏಂಜಲೀಸ್‌ನ ವಿಲ್ಮಿಂಗ್ಟನ್ನಿನಲ್ಲಿದ್ದ ಲಯನ್ಸ್ ಓಟದ ಪಥದಲ್ಲಿ, ಆ ಕಾಲದ ಅಗ್ರಗಣ್ಯ ಓಟಗಾರ ಡಾನ್ ಗಾರ್ಲಿಟ್ಸ್ ಹೊರಟ ಕ್ಷಣದಲ್ಲೇ ಅವರ ವಾಹನದ ಗೇರ್‌ಬಾಕ್ಸ್ ಸಿಡಿಯಿತು. ವಾಹನ ಎರಡು ತುಂಡಾಯಿತು. ಗಾರ್ಲಿಟ್ಸ್ ಬಲಪಾದದ ಒಂದು ಭಾಗವನ್ನು ಕಳೆದುಕೊಂಡರು, ಪ್ರೇಕ್ಷಕನೊಬ್ಬನೂ ಗಾಯಗೊಂಡ. ಆ ಗೇರ್‌ಬಾಕ್ಸ್ ಅನನುಭವಿಯ ಕೆಲಸವಲ್ಲ, ಸ್ವತಃ ಗಾರ್ಲಿಟ್ಸರ ಪ್ರಯೋಗವೇ ಆಗಿತ್ತೆಂಬುದನ್ನು ಗಮನಿಸಬೇಕು. ಗುಣಮುಖರಾಗುತ್ತ ಅವರು ಎಂಜಿನ್ನನ್ನು ಚಾಲಕನ ಬೆನ್ನ ಹಿಂದಕ್ಕೆ ಸಾಗಿಸುವ ವಿನ್ಯಾಸಕ್ಕೆ ಕೈಹಾಕಿ, 1971ರಲ್ಲಿ ಪೊಮೊನಾದ ಪಂದ್ಯವನ್ನು ಅದೇ ಮಾದರಿಯ ವಾಹನದಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಆ ವರ್ಗದ ಕವಣೆಗಳೆಲ್ಲ ಮೂಲೆಗೆ ಸರಿದವು. ಮೌಖಿಕ ಪರಂಪರೆಯ ಜ್ಞಾನವನ್ನು ಹಾಡಿ ಹೊಗಳುವುದು ನಮ್ಮ ಶಿಸ್ತಿನ ರೂಢಿ. ಇಲ್ಲಿ ಆ ಜ್ಞಾನ ಬೆಳೆದದ್ದು ದೇಹಗಳ ಖರ್ಚಿನಲ್ಲಿ ಎಂಬುದನ್ನು ಮರೆಯಲಾಗದು.

ಎಂಜಿನ್ ಮುಂದೆಯೇ ಉಳಿದ ಸಾವಿರಾರು ಸಾಮಾನ್ಯ ಸ್ಪರ್ಧಾ ಕಾರುಗಳಿಗೆ ಬೇಕಾದದ್ದು ಪರೀಕ್ಷಿತ ಬಿಡಿಭಾಗಗಳು. 1963ರಲ್ಲಿ ಸ್ಥಾಪನೆಯಾದ ವೇಗೋಪಕರಣ ತಯಾರಕರ ಸಂಘ 'ಸೆಮಾ' ಇಂತಹ ಭಾಗಗಳಿಗೆ ಮಾನಕಗಳನ್ನು ರೂಪಿಸತೊಡಗಿತು. 1978ರಲ್ಲಿ ಈ ಕೆಲಸ ಎಸ್.ಎಫ್.ಐ. ಪ್ರತಿಷ್ಠಾನವೆಂಬ ಪ್ರತ್ಯೇಕ ಲಾಭರಹಿತ ಸಂಸ್ಥೆಗೆ ಹೋಯಿತು. ಇದರ ಮಾನಕಗಳಲ್ಲಿ 1.1 ಎಂಬ ಸಂಖ್ಯೆ ಫ್ಲೈವೀಲ್ ಮತ್ತು ಕ್ಲಚ್‌ಗೆ ಸೇರಿದ್ದು. ಚಾಲಕನ ಅಗ್ನಿರಕ್ಷಕ ಉಡುಪು 3ರ ಸರಣಿಯದು. ಸ್ವಯಂಚಾಲಿತ ಗೇರ್‌ಬಾಕ್ಸಿನ ಕವಚಕ್ಕೆ 4.1, ಬೆಲ್‌ಹೌಸಿಂಗಿಗೆ 6.1, ಸ್ವಯಂಚಾಲಿತ ಗೇರ್‌ಬಾಕ್ಸ್ ಜೋಡಿಸುವ ಫ್ಲೆಕ್ಸ್‌ಪ್ಲೇಟಿಗೆ 29.1.

ಪ್ರಮಾಣೀಕರಣದ ವಿಧಾನವನ್ನು ಸಾಮಾನ್ಯವಾಗಿ ತಪ್ಪಾಗಿ ಗ್ರಹಿಸಲಾಗುತ್ತದೆ. ಎಸ್.ಎಫ್.ಐ. ಪ್ರತಿ ವಸ್ತುವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದಿಲ್ಲ. ಅದು ಕನಿಷ್ಠ ಮಟ್ಟವನ್ನೂ ಪರೀಕ್ಷಾಕ್ರಮವನ್ನೂ ಗೊತ್ತುಪಡಿಸುತ್ತದೆ. ತಯಾರಕನು ಮಾದರಿಯನ್ನು ಪರೀಕ್ಷೆಗೊಳಪಡಿಸಿ, ತನ್ನ ಉತ್ಪನ್ನ ಆ ಮಟ್ಟ ಮುಟ್ಟಿದೆಯೆಂದು ತಾನೇ ಪ್ರಮಾಣೀಕರಿಸಿ, ಸಂಸ್ಥೆಯ ಚೀಟಿಯನ್ನು ಅಂಟಿಸುತ್ತಾನೆ. ಅದನ್ನು ಕಡ್ಡಾಯಗೊಳಿಸುವುದು ಪಂದ್ಯ ನಡೆಸುವ ಸಂಸ್ಥೆಯ ಕೆಲಸ. ಅವುಗಳಲ್ಲಿ ಪ್ರಮುಖವಾದದ್ದು 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ ಎನ್.ಎಚ್.ಆರ್.ಎ. ಹೀಗೆ ಮಾನಕ ಬರೆಯುವವರು, ತಯಾರಿಸುವವರು, ಕಡ್ಡಾಯಗೊಳಿಸುವವರು ಬೇರೆ ಬೇರೆ. ಹೊಣೆ ಹಂಚಿಹೋಗಿರುವ ಈ ಏರ್ಪಾಡಿನಲ್ಲಿ ಕೊನೆಯ ಕೊಂಡಿ ಓಟಗಾರನ ಪ್ರಾಮಾಣಿಕತೆಯೇ ಎಂಬುದು ನನ್ನ ಅಭಿಪ್ರಾಯ.

ಎನ್.ಎಚ್.ಆರ್.ಎ. ನಿಯಮದಂತೆ ಕ್ಲಚ್ ಉಳ್ಳ ಕಾರು ಕಾಲು ಮೈಲಿಯನ್ನು 11.49 ಸೆಕೆಂಡು ಅಥವಾ ಅದಕ್ಕೂ ಬೇಗ ಕ್ರಮಿಸುವುದಾದರೆ 6.1 ಮಾನಕದ ಕವಚ ಕಡ್ಡಾಯ. ಭಾರ ಇಳಿಸಲೆಂದು ಅದಕ್ಕೆ ತೂತು ಕೊರೆಯುವಂತಿಲ್ಲ. ತೂಕ ಇಳಿದಷ್ಟೂ ಗೆಲುವು ಹತ್ತಿರವಾಗುವ ಪಂದ್ಯದಲ್ಲಿ ಈ ನಿಷೇಧ ಏಕೆ ಬೇಕಾಯಿತೆಂದು ಊಹಿಸುವುದು ಕಷ್ಟವಲ್ಲ.

ಎಲ್ಲವಕ್ಕೂ ಚೀಟಿ ಬೇಕೆಂದಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಕೀಲು ಮುರಿದರೆ ಶಾಫ್ಟ್ ನೆಲಕ್ಕೆ ಬಿದ್ದು ಊರುಗೋಲಿನಂತೆ ನಾಟಿ ಕಾರನ್ನೇ ಎತ್ತಿಬಿಡಬಹುದು. ಅದಕ್ಕಾಗಿ ಮುಂದಿನ ಕೀಲಿನಿಂದ 6 ಅಂಗುಲದೊಳಗೆ ಶಾಫ್ಟನ್ನು ಸುತ್ತುವರಿಯುವ ಉಕ್ಕಿನ ಬಳೆ ಇರಬೇಕು. ಪಟ್ಟಿಯಾದರೆ ಕನಿಷ್ಠ ಕಾಲು ಅಂಗುಲ ದಪ್ಪ, 2 ಅಂಗುಲ ಅಗಲ. ಇದನ್ನು ಓಟಗಾರ ತನ್ನ ಗ್ಯಾರೇಜಿನಲ್ಲೇ ಬೆಸೆದುಕೊಳ್ಳಬಹುದು. ಹಳೆಯ ಕೈಕೆಲಸ ಅಳತೆಯ ಚೌಕಟ್ಟಿನೊಳಗೆ ಉಳಿದುಕೊಂಡಿರುವ ಎಡೆ ಇದು.

ಚೀಟಿ ಪಡೆದ ಭಾಗಗಳ ಕಥೆ ಬೇರೆ. ಚೀಟಿಯ ಮೇಲೆ ದಿನಾಂಕವಿರುತ್ತದೆ, ಹಲವು ಭಾಗಗಳಿಗೆ ಅವಧಿಯೂ ಉಂಟು. ಅವಧಿ ತೀರಿದ ಬಳಿಕ ಮತ್ತೆ ಪ್ರಮಾಣೀಕರಿಸಬೇಕು ಇಲ್ಲವೇ ಬದಲಿಸಬೇಕು. ಓಟಕ್ಕೆ ಮುನ್ನ ತಪಾಸಣೆಯವನು ವಾಹನದಡಿ ಬಗ್ಗಿ ಹುಡುಕುವುದು ಈ ಚೀಟಿಯನ್ನೇ. ಲೋಹದೊಳಗಿನ ಕೂದಲೆಳೆಯ ಬಿರುಕು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಗಟ್ಟಿಮುಟ್ಟಾದ ಕವಚವಿದ್ದರೂ ಚೀಟಿ ಕಿತ್ತುಹೋಗಿದ್ದರೆ ಕಾರು ಸಾಲಿನಿಂದ ಹೊರಬರಬೇಕಾಗುತ್ತದೆ.