ಲಿನಕ್ಸ್ ಗಣಕಯಂತ್ರದಲ್ಲಿ ಬಾಹ್ಯ ಹಾರ್ಡ್ ಡಿಸ್ಕಿನ ಬಳಕೆ

ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಸ್ಮರಣ ಸಂಚಿಕೆ, ವಾರ್ಷಿಕೋತ್ಸವದ ಛಾಯಾಚಿತ್ರ ಇವು ಒಮ್ಮೆ ನಷ್ಟವಾದರೆ ಮತ್ತೆ ದೊರೆಯುವ ವಸ್ತುಗಳಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಂತಹ ಊರುಗಳ ಶಾಲೆಗಳೂ ಇವನ್ನೆಲ್ಲ ಅಂಗೈಯಗಲದ ಬಾಹ್ಯ ಹಾರ್ಡ್ ಡಿಸ್ಕಿನಲ್ಲಿ ಕಾಪಿಡುವುದು ಇಂದು ಸುಲಭಸಾಧ್ಯವಾಗಿದೆ. ವಿಂಡೋಸ್ ೧೦ಕ್ಕೆ ಅದರ ನಿರ್ಮಾಪಕರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿದೆ. ಹಳೆಯ ವಿದ್ಯಾರ್ಥಿಗಳು ಕಾಣಿಕೆಯಾಗಿ ನೀಡುವ ಹಳೆಯ ಗಣಕಯಂತ್ರಗಳಿಗೆ ಇನ್ನು ಲಿನಕ್ಸ್ ಒಂದು ಸಮರ್ಥ ಆಸರೆ. ಲಿನಸ್ ಟೊರ್ವಾಲ್ಡ್ಸ್ ಅವರು ೧೯೯೧ರಲ್ಲಿ ಆರಂಭಿಸಿದ ಈ ವ್ಯವಸ್ಥೆಯು ಉಚಿತವಾಗಿ ದೊರೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಆದರೆ ವಿಂಡೋಸಿನಲ್ಲಿ ತುಂಬಿಸಿದ ಡಿಸ್ಕು ಕೆಲವೊಮ್ಮೆ ಲಿನಕ್ಸಿನಲ್ಲಿ ತೆರೆಯುವುದಿಲ್ಲ. ಆಗ ಡಿಸ್ಕು ಕೆಟ್ಟಿತೆಂದು ಬಗೆದು ಆತುರದಿಂದ ಫಾರ್ಮ್ಯಾಟ್ ಮಾಡುವುದೇ ನಿಜವಾದ ಅನಾಹುತ. ತೆರೆಯದ ಡಿಸ್ಕೆಲ್ಲವೂ ಕೆಟ್ಟ ಡಿಸ್ಕಲ್ಲ. ತೊಡಕು ಎಲ್ಲಿದೆಯೆಂಬುದನ್ನು ಕ್ರಮವಾಗಿ ಅರಿಯಬೇಕು.

ಮೊದಲನೆಯದು ವಿದ್ಯುತ್ತು. ಯು.ಎಸ್.ಬಿ. ೨.೦ ಕಿಂಡಿಯು ಸಾಮಾನ್ಯವಾಗಿ ೫೦೦ ಮಿಲಿಆಂಪಿಯರ್, ೩.೦ ಕಿಂಡಿಯು ೯೦೦ ಮಿಲಿಆಂಪಿಯರ್ ಪೂರೈಸುತ್ತದೆ. ವಿದ್ಯುತ್ತು ಸಾಲದಿದ್ದರೆ ಡಿಸ್ಕು ಟಿಕ್ ಟಿಕ್ ಸದ್ದು ಮಾಡಿ ನಿಲ್ಲಬಹುದು. ತಂತಿಯನ್ನೂ ಕಿಂಡಿಯನ್ನೂ ಬದಲಿಸಿ ನೋಡಬೇಕು. ಸದ್ದು ಆಗಲೂ ನಿಲ್ಲದಿದ್ದರೆ ಯಂತ್ರಭಾಗದ ದೋಷವಿರಬಹುದು. ಅಂತಹ ಡಿಸ್ಕನ್ನು ಮತ್ತೆ ಮತ್ತೆ ಚಾಲನೆ ಮಾಡದೆ ನುರಿತವರಿಗೆ ಒಪ್ಪಿಸುವುದು ಲೇಸು.

ಎರಡನೆಯದು ಗುರುತು. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಐದಕ್ಷರದ ಆದೇಶ ಕೊಟ್ಟರೆ ಯಂತ್ರಕ್ಕೆ ಕಾಣುವ ಡಿಸ್ಕುಗಳ ಪಟ್ಟಿ ಗಾತ್ರಸಹಿತ ಬರುತ್ತದೆ. ಪಟ್ಟಿಯಲ್ಲಿ ಹೆಸರಿದ್ದು ಕಡತಗಳು ಮಾತ್ರ ಕಾಣದಿದ್ದರೆ ತೊಡಕು ಬಹುಮಟ್ಟಿಗೆ ಕಡತ ವ್ಯವಸ್ಥೆಯದು.

ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಗೆ ‘ಎನ್‌ಟಿಎಫ್‌ಎಸ್-೩ಜಿ’ ಎಂಬ ತಂತ್ರಾಂಶವಿದೆ. ೨೦೨೧ರಲ್ಲಿ ಬಂದ ಲಿನಕ್ಸ್ ೫.೧೫ರ ತಿರುಳಿನಲ್ಲಿಯೇ ಅದನ್ನು ಓದಿ ಬರೆಯುವ ಹೊಸ ಸಾಮರ್ಥ್ಯ ಸೇರಿತು. ಆದರೂ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಯಂತ್ರವನ್ನು ಪೂರ್ಣ ಮುಚ್ಚದೆ ಅರೆನಿದ್ರೆಯಲ್ಲಿಡುತ್ತದೆ. ಹಾಗೆ ಬಿಚ್ಚಿ ತಂದ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ತೆರೆಯಬಹುದು, ಇಲ್ಲವೇ ತೆರೆಯಲು ನಿರಾಕರಿಸಬಹುದು. ಇದು ದೋಷವಲ್ಲ, ಎಚ್ಚರಿಕೆ. ಡಿಸ್ಕನ್ನು ಮರಳಿ ವಿಂಡೋಸಿಗೆ ಜೋಡಿಸಿ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಯಂತ್ರವನ್ನು ಪೂರ್ಣವಾಗಿ ಮುಚ್ಚಿದರೆ ಸಾಮಾನ್ಯವಾಗಿ ತೊಡಕು ಬಗೆಹರಿಯುತ್ತದೆ. ಎರಡೂ ಕಡೆ ಬಳಸುವ ಹೊಸ ಡಿಸ್ಕಿಗೆ ಎಕ್ಸ್‌ಫ್ಯಾಟ್ ಅನುಕೂಲ. ಹಳೆಯ ಫ್ಯಾಟ್-೩೨ರಲ್ಲಿ ೪ ಜಿ.ಬಿ. ಮೀರಿದ ಒಂದೇ ಕಡತ ಹಿಡಿಯದು.

ಡಿಸ್ಕನ್ನು ಸದಾ ಒಂದೇ ಸ್ಥಾನದಲ್ಲಿ ತೆರೆಯಬೇಕಾದರೆ ‘ಯುಯುಐಡಿ’ ಎಂಬ ಅದರ ಸ್ವಂತ ಗುರುತಿನ ಸಂಖ್ಯೆಯನ್ನು ಬಳಸಬೇಕು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲಗಳ ರಾಶಿಯನ್ನು ಲಾಟ್ ಸಂಖ್ಯೆಯಿಂದ ಗುರುತಿಸುವಂತೆಯೇ ಇದು. ಯಾವ ಕಿಂಡಿಗೆ ಜೋಡಿಸಿದರೂ ಈ ಸಂಖ್ಯೆ ಬದಲಾಗದು.

ಕೊನೆಯದಾಗಿ, ಬರಹ ಮುಗಿದಂತೆ ಕಂಡರೂ ಮಾಹಿತಿಯು ಸ್ವಲ್ಪ ಹೊತ್ತು ಗಣಕದ ಸ್ಮೃತಿಯಲ್ಲಿಯೇ ಉಳಿದಿರಬಹುದು. ಆದುದರಿಂದ ‘ಅನ್‌ಮೌಂಟ್’ ಮಾಡದೆ ಡಿಸ್ಕನ್ನು ಕೀಳಬಾರದು.

ಡಿಸ್ಕು ಎಷ್ಟೇ ಉತ್ತಮವಾದರೂ ಒಂದೇ ಪ್ರತಿಯನ್ನು ನಂಬುವುದು ಜಾಣತನವಲ್ಲ. ಹಾವೇರಿಯಲ್ಲೊಂದು ಪ್ರತಿಯಿದ್ದರೆ ರಾಣೇಬೆನ್ನೂರಿನಲ್ಲಿ ಇನ್ನೊಂದಿರಲಿ. ದಾನಿಗಳು ನೀಡುವ ಡಿಸ್ಕಿನ ಬೆಲೆ ಅಲ್ಪವಾದರೂ ಅದರೊಳಗೆ ಉಳಿಯುವ ಶಾಲೆಯ ಚರಿತ್ರೆಗೆ ಬೆಲೆ ಕಟ್ಟಲಾಗದು.