ನೀರುಗಂಟಿ ಮತ್ತು ಕೇಂದ್ರ ಗಣಕ: ಹಂಚಿಕೆಯ ನ್ಯಾಯ

ಕೆರೆಯಾಶ್ರಿತ ಬೇಸಾಯವಿದ್ದ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ತೂಬು ತೆರೆದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಹೊಣೆ ನೀರುಗಂಟಿಯದಾಗಿತ್ತು. ಮಿತವಾದುದನ್ನು ಹಲವರು ಹಂಚಿಕೊಳ್ಳಬೇಕಾದಾಗ ಏಳುವ ಪ್ರಶ್ನೆಗಳು ಕೆರೆಗಷ್ಟೇ ಸೀಮಿತವಲ್ಲ. ವಿಶ್ವವಿದ್ಯಾಲಯಗಳ ಕೇಂದ್ರ ಗಣಕಗಳೂ ಅವನ್ನೇ ಎದುರಿಸಿವೆ.

1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡವು ಒಂದೇ ಗಣಕದ ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿಸಿ ಹಲವರಿಗೆ ಸರದಿಯ ಮೇಲೆ ನೀಡುವ ಕ್ರಮವನ್ನು ಪ್ರದರ್ಶಿಸಿತು. ಮುಂದೆ ಬಂದ ಅನೇಕ ವ್ಯವಸ್ಥೆಗಳಲ್ಲಿ ಒಂದು ಲೋಪ ಉಳಿಯಿತು. ಅವು ಸರದಿಯನ್ನು ಎಣಿಸಿದ್ದು ಬಳಕೆದಾರರ ಲೆಕ್ಕದಲ್ಲಲ್ಲ, ಕೆಲಸಗಳ ಲೆಕ್ಕದಲ್ಲಿ. ಹತ್ತು ಕೆಲಸಗಳನ್ನು ಒಟ್ಟಿಗೆ ಹೂಡಿದವನಿಗೆ ಒಂದನ್ನೇ ಹೂಡಿದವನ ಹತ್ತರಷ್ಟು ಪಾಲು ಸಲ್ಲುತ್ತಿತ್ತು. ಹತ್ತು ಗುದ್ದಲಿ ತಂದ ಮನೆಗೆ ಹತ್ತು ಪಾಲು ನೀರೆಂದರೆ ಯಾವ ಊರೂ ಒಪ್ಪದು.

ಸಿಡ್ನಿ ವಿಶ್ವವಿದ್ಯಾಲಯದ ಜೂಡಿ ಕೇ ಮತ್ತು ಪಿಯರ್ಸ್ ಲಾಡರ್ 1988ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಲೋಪಕ್ಕೆ ಪರಿಹಾರವನ್ನು ವಿವರಿಸಿತು. ಅದರಂತೆ ಪಾಲು ಸಲ್ಲುವುದು ವ್ಯಕ್ತಿಗೆ. ಪಾಲಿಗಿಂತ ಹೆಚ್ಚು ಬಳಸಿದವನ ಸರದಿ ಹಿಂದಕ್ಕೆ ಸರಿಯುತ್ತದೆ, ಕಡಿಮೆ ಬಳಸಿದವನದು ಮುಂದಕ್ಕೆ ಬರುತ್ತದೆ. ಆದರೆ ಹಳೆಯ ಬಳಕೆಯ ಲೆಕ್ಕ ಕ್ರಮೇಣ ಸವೆಯುತ್ತದೆ. ಇಂದು ಮಹಾಗಣಕಗಳಲ್ಲಿ ವ್ಯಾಪಕವಾಗಿರುವ ಸ್ಲರ್ಮ್ ತಂತ್ರಾಂಶದಲ್ಲೂ ಇದೇ ತತ್ತ್ವವಿದೆ. ಅರ್ಧಾಯುಷ್ಯವನ್ನು 7 ದಿನಗಳೆಂದು ನಿಗದಿಪಡಿಸಿದರೆ, 800 ಗಂಟೆಗಳ ಬಳಕೆಯು ವಾರದ ನಂತರ 400 ಗಂಟೆಗಳೆಂದೂ ಎರಡು ವಾರಗಳ ನಂತರ 200 ಎಂದೂ ಗಣನೆಗೆ ಬರುತ್ತದೆ. ಲೆಕ್ಕವೂ ಉಳಿಯಿತು, ಕ್ಷಮೆಯೂ ದೊರೆಯಿತು! ಜೊತೆಗೆ, ಯಾರೂ ಕಾಯದಿರುವಾಗ ಗಣಕ ಬರಿದೆ ಕೂರುವುದಿಲ್ಲ. ಬೇಕಾದವನು ತನ್ನ ಪಾಲನ್ನು ಮೀರಿಯೂ ಬಳಸಬಹುದು. ಕಾಲುವೆಯ ಹೆಚ್ಚುವರಿ ನೀರನ್ನು ಪಕ್ಕದ ಗದ್ದೆಗೆ ತಿರುಗಿಸುವಂತೆಯೇ ಇದು.

ಆದರೆ ಹೋಲಿಕೆಯನ್ನು ಎಳೆಯುವುದಕ್ಕೊಂದು ಮಿತಿಯಿದೆ. ಅನೇಕ ಕಡೆ ನೀರುಗಂಟಿಗಳು ಭೂಮಿಯಿಲ್ಲದ ದಲಿತರಾಗಿದ್ದರು. ಸ್ವಂತ ಗದ್ದೆಯಿಲ್ಲದ ಕಾರಣ ಅವರು ನಿಷ್ಪಕ್ಷಪಾತಿಗಳಾಗಿದ್ದರೆಂದು ಹೊಗಳುವವರು, ಆ ಭೂಹೀನತೆಯೇ ಜಾತಿವ್ಯವಸ್ಥೆಯ ಅನ್ಯಾಯವೆಂಬುದನ್ನು ಮರೆಯುತ್ತಾರೆ. ಎಲ್ಲರ ಗದ್ದೆಗೆ ನೀರು ಹಾಯಿಸಿದವನಿಗೆ ತನ್ನದೆಂಬ ಗದ್ದೆಯಿರಲಿಲ್ಲ. ಮೂಲ ಪಾಲನ್ನು ಗೊತ್ತುಮಾಡುವ ಅಧಿಕಾರ ತೂಬಿನ ಬಳಿ ಇರಲಿಲ್ಲ.

ಗಣಕದಲ್ಲಿಯೂ ಹಾಗೆಯೇ. ಸೂತ್ರವು ಪಾಲುಗಳನ್ನು ನಿಷ್ಠೆಯಿಂದ ಪಾಲಿಸುತ್ತದೆ, ಆದರೆ ಯಾವ ವಿಭಾಗಕ್ಕೆ ಎಷ್ಟು ಪಾಲೆಂದು ನಿರ್ಧರಿಸುವುದು ಆಡಳಿತ. ವಿಭಾಗದ ಪಾಲು ಅದರ ತಂಡಗಳಿಗೂ, ತಂಡದ ಪಾಲು ವಿದ್ಯಾರ್ಥಿಗಳಿಗೂ ಒಡೆದು ಹೋಗುತ್ತದೆ. ಅಲ್ಪ ಪಾಲಿನ ತಂಡವೊಂದರ ವಿದ್ಯಾರ್ಥಿಯ ಪ್ರಬಂಧ ತಡವಾದರೆ, ಸೂತ್ರದಲ್ಲಿ ತಪ್ಪನ್ನು ಹುಡುಕಿ ಪ್ರಯೋಜನವಿಲ್ಲ. ಪಾಲುಪಟ್ಟಿ ಬರೆದವರನ್ನು ಕೇಳಬೇಕು.